‘ಹೇಳಿ’ ‘ಏಳಿ’ ಆಗಿದ್ದಕ್ಕೆ ಅಂಕ ಕಳೆದೆ. ನಾನು ಕೆಟ್ಟವಳಾ?

ಪ್ರಶ್ನೆ: ನಾನು ಮೈಸೂರಿನ ಒಂದು ಖಾಸಗಿ ಪ್ರೌಢಶಾಲೆಯಲ್ಲಿ 16 ವರ್ಷದಿಂದ ಗಣಿತ ಟೀಚರ್. ಹುಟ್ಟಿ ಬೆಳೆದದ್ದು ಮಳವಳ್ಳಿ ಹತ್ತಿರದ ಹಳ್ಳಿಯಲ್ಲಿ. ಹೋದ ವಾರ ಹೊಸ ಗಣಿತ ಟೀಚರ್ ಆಯ್ಕೆಗೆ ನಾವು ಮೂವರು ಕೂತಿದ್ದೆವು. ನಾಲ್ಕು ಜನ ಬಂದಿದ್ದರು. ಮೊದಲು ಬಂದವಳು ಕೆ.ಆರ್. ಪೇಟೆ ಕಡೆಯ ಹುಡುಗಿ. ಏನೋ ಕೇಳಿದ್ದಕ್ಕೆ ‘ಏಳಿ ಮೇಡಂ’ ಎಂದಳು. ‘ಹೇಳಿ’ ಅನ್ನಬೇಕಿತ್ತು. ನಮ್ಮಲ್ಲೊಬ್ಬರು ನಕ್ಕು, ‘ಯಾವೂರಮ್ಮ ನಿಂದು?’ ಎಂದರು. ಆಮೇಲೆ ಅವಳ ದನಿಯೇ ಇಳಿದುಹೋಯಿತು. ಆದರೆ ಎಂಟನೇ ಕ್ಲಾಸಿನ ಮಕ್ಕಳಿಗೆ ಮಾದರಿ ಪಾಠ ಮಾಡುವಾಗ ಮುಕ್ಕಾಲು ದೊಡ್ಡದಾ, ಎಂಟರಲ್ಲಿ ಐದು ಭಾಗ ದೊಡ್ಡದಾ ಅನ್ನೋದನ್ನ ಗುಂಟೆ ಲೆಕ್ಕದಲ್ಲಿ ಹೇಳಿಕೊಟ್ಟಳು. ಹಿಂದಿನ ಬೆಂಚಿನ ಮಕ್ಕಳೂ ಕೈ ಎತ್ತಿದರು. ಅವಳ ಹಾಳೆ ಮೇಲೆ ನಾನು ಬರೆದದ್ದು ‘ಆತ್ಮವಿಶ್ವಾಸ ಕಡಿಮೆ’. ವಿಷಯ ಜ್ಞಾನಕ್ಕೆ 6, ಪಾಠಕ್ಕೆ 6, ಸಂವಹನಕ್ಕೆ 5. ಮೂರನೆಯವಳು ಮೈಸೂರಿನವಳು, ಪಟಪಟ ಮಾತು. ಬೋರ್ಡ್ ಮೇಲೆ ಒಂದು ಲೆಕ್ಕ ತಪ್ಪು ಮಾಡಿದಳು. ಅದಕ್ಕೆ ‘ಗಡಿಬಿಡಿ’ ಅಂತ ಬರೆದು ಮೂರಕ್ಕೂ 8 ಕೊಟ್ಟಿದ್ದೇನೆ. ರಾತ್ರಿ ಹಾಳೆಗಳನ್ನು ನೋಡಿ ನಿದ್ದೆ ಬರಲಿಲ್ಲ. ಇಂಟರ್ನೆಟ್‌ನಲ್ಲಿ ಸುಪ್ತ ಪೂರ್ವಗ್ರಹದ, ಅಂದರೆ ನಮಗೇ ಗೊತ್ತಿಲ್ಲದ ಒಲವಿನ, ಪರೀಕ್ಷೆಯನ್ನೂ ತೆಗೆದುಕೊಂಡೆ. ಬಿಳಿ ಮೈಬಣ್ಣದವರ ಕಡೆ ನನಗೆ ಒಲವು ಜಾಸ್ತಿ ಅಂತ ಬಂತು. ನಾನು ಕೆಟ್ಟವಳಾ? ಇದು ವಾಸಿ ಆಗುತ್ತಾ? ಸೋಮವಾರ ಪಟ್ಟಿ ಆಡಳಿತ ಮಂಡಳಿಗೆ ಹೋಗುತ್ತೆ. ಬಾಯಿ ಬಿಡಲಾ, ಸುಮ್ನಿರಲಾ? ಇನ್ನೂ ಒಂದು. ನಮ್ಮಮ್ಮ ಮಾತಾಡೋದೂ ಹಾಗೇ. ಅವರಿಗೆ ಫೋನ್ ಮಾಡುವಾಗ ನಾನು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ಈಗ ನನ್ನ ಮಗಳು ಅಜ್ಜಿಯ ಮಾತನ್ನು ತಿದ್ದುತ್ತಾಳೆ.

ಉತ್ತರ: ಮೇಡಂ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಆ ಹುಡುಗಿಗೆ ಅನ್ಯಾಯ ಆಯಿತಾ ಅನ್ನೋದು ಒಂದು ಚಿಂತೆ. ಮಾಡಿದ ನಾನು ಎಂಥವಳು ಅನ್ನೋದು ಇನ್ನೊಂದು. ಎರಡೂ ಸೇರಿ ಗಂಟಾಗಿವೆ. ಮೊದಲು ಅದನ್ನು ಬಿಡಿಸೋಣ. ನೀವು ಕೆಟ್ಟವರಲ್ಲ. ಆದರೆ ಅಂಕ ತಪ್ಪಾಗಿದೆ, ಅದನ್ನು ಸರಿ ಮಾಡಲೇಬೇಕು. ‘ನಾನು ಕೆಟ್ಟವಳಾ’ ಅನ್ನೋ ಪ್ರಶ್ನೆಯಲ್ಲೇ ಮುಳುಗಿದ್ದರೆ ಸೋಮವಾರ ಬಂದು ಹೋಗುತ್ತೆ, ಹುಡುಗಿಗೆ ಏನೂ ಸಿಗಲ್ಲ. ಆಪ್ತಸಲಹೆಯ ಈ ಕೆಲಸದಲ್ಲಿ ಇಷ್ಟು ವರ್ಷ ಇದ್ದು ನಾನು ಕಂಡ ಹಾಗೆ, ತಪ್ಪು ಗೊತ್ತಾದವರಲ್ಲಿ ಅರ್ಧಕ್ಕರ್ಧ ಜನ ತಮ್ಮ ಮನಸ್ಸಾಕ್ಷಿ ಹತ್ತಿರವೇ ಜಗಳ ಆಡುತ್ತಾ ಕೂರುತ್ತಾರೆ. ಕಾಗದದ ಮೇಲಿನ ತಪ್ಪು ಹಾಗೇ ಉಳಿಯುತ್ತೆ.

ಆ ಪರೀಕ್ಷೆಯ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಆ ಮಾದರಿಯ ಪರೀಕ್ಷೆಯನ್ನು 1998ರಲ್ಲಿ ಮೊದಲು ಪ್ರಕಟಿಸಿದವರು ಅಮೆರಿಕದ ಆಂಥೊನಿ ಗ್ರೀನ್‌ವಾಲ್ಡ್ ಮತ್ತು ಅವರ ಜೊತೆಗಾರರು. ಮುಂದೆ ಅದನ್ನು ಬೆಳೆಸಿದವರಲ್ಲಿ ನಮ್ಮ ಸಿಕಂದರಾಬಾದಿನಲ್ಲಿ ಬೆಳೆದ ಮಹಜರೀನ್ ಬಾನಾಜಿ ಮುಖ್ಯರು. ಪದ ಮತ್ತು ಚಿತ್ರಗಳನ್ನು ಎಡಕ್ಕೆ, ಬಲಕ್ಕೆ ವಿಂಗಡಿಸಲು ನಿಮ್ಮ ಬೆರಳು ಎಷ್ಟು ಹೊತ್ತು ತಗೊಳ್ಳುತ್ತೆ ಅನ್ನೋದನ್ನ ಅದು ಅಳೆಯುತ್ತೆ. ಸೆಕೆಂಡಿನ ಸಾವಿರದಲ್ಲೊಂದು ಭಾಗದ ಲೆಕ್ಕ. ಸಾವಿರಾರು ಜನರನ್ನು ಒಟ್ಟಿಗೆ ನೋಡಿದಾಗ ಅದರಿಂದ ಏನೋ ತಿಳಿಯುತ್ತೆ, ನಿಜ. ಒಬ್ಬರ ಬಗ್ಗೆ ತೀರ್ಪು ಕೊಡಲು ಅದು ಸಾಲದು. ಅದೇ ಮನುಷ್ಯ ಇನ್ನೊಂದು ದಿನ ತಗೊಂಡರೆ ಫಲಿತಾಂಶ ಬೇರೆ ಬರಬಹುದು. ಮೇಲಾಗಿ ನೀವು ತಗೊಂಡಿದ್ದು ಮೈಬಣ್ಣದ ಪರೀಕ್ಷೆ. ನಿಮ್ಮ ತೊಂದರೆ ಇರೋದು ಮಾತಿನಲ್ಲಿ. ಆ ಫಲಿತಾಂಶವನ್ನು ಪಕ್ಕಕ್ಕಿಡಿ. ನಿಮ್ಮ ಕೈಯಲ್ಲಿರುವ ಅಂಕದ ಹಾಳೆ ಅದಕ್ಕಿಂತ ಎಷ್ಟೋ ದೊಡ್ಡ ಸಾಕ್ಷಿ.

ಆ ಹಾಳೆಯನ್ನೇ ನೋಡೋಣ. ತಪ್ಪಿಲ್ಲದೆ ಪಾಠ ಮಾಡಿದವಳಿಗೆ ವಿಷಯ ಜ್ಞಾನದಲ್ಲಿ 6. ಬೋರ್ಡ್ ಮೇಲೆ ತಪ್ಪು ಬರೆದವಳಿಗೆ 8. ಮಾತಿನ ರೀತಿ ಹಿಡಿಸಲಿಲ್ಲ ಅಂದರೆ ಸಂವಹನದ ಕಾಲಂನಲ್ಲಿ ಕಡಿಮೆ ಆಗಬೇಕಿತ್ತು. ಗಣಿತದ ಕಾಲಂಗೆ ಅದು ಹೇಗೆ ಇಳಿಯಿತು? 1920ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞ ಇದನ್ನೇ ಸೈನ್ಯದಲ್ಲಿ ಕಂಡರು. ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಅಂತ ಬೇರೆ ಬೇರೆ ಅಂಕ ಕೊಡಬೇಕಿತ್ತು. ಕೊಟ್ಟ ಅಂಕಗಳು ಒಂದಕ್ಕೊಂದು ಅಂಟಿಕೊಂಡು ಬಂದವು. ಒಂದರಲ್ಲಿ ಮೇಲು ಅನಿಸಿದವನು ಎಲ್ಲದರಲ್ಲೂ ಮೇಲು. ದೇವರ ಮೂರ್ತಿಯ ಹಿಂದೆ ಪ್ರಭಾವಳಿ ಇರುತ್ತಲ್ವಾ, ಹಾಗೆ. ಅದರ ಹೊಳಪಲ್ಲಿ ಮೂರ್ತಿಯ ಮೂಗು, ಕಣ್ಣು, ಕೈ ಬೇರೆ ಬೇರೆಯಾಗಿ ಕಾಣಲ್ಲ. ನಿಮ್ಮ ಮೂರನೇ ಅಭ್ಯರ್ಥಿಗೆ ಸಿಕ್ಕಿದ್ದು ಆ ಹೊಳಪು. ಮೊದಲನೆಯವಳಿಗೆ ಬಿದ್ದದ್ದು ಅದರ ನೆರಳು.

ಇನ್ನು ಆ ಎರಡು ಮಾತು, ‘ಗಡಿಬಿಡಿ’ ಮತ್ತು ‘ಆತ್ಮವಿಶ್ವಾಸ ಕಡಿಮೆ’. ಒಬ್ಬಳ ತಪ್ಪು ಆ ಗಳಿಗೆಯದ್ದು, ಬಂತು ಹೋಯಿತು. ಇನ್ನೊಬ್ಬಳ ಹಿಂಜರಿಕೆ ಅವಳ ಸ್ವಭಾವ. ಹೀಗೆ ತೀರ್ಮಾನ ಮಾಡಿದಿರಿ ಅಂತ ನಿಮಗೇ ಗೊತ್ತಾಗಲಿಲ್ಲ. ಮೊದಲ ಅನಿಸಿಕೆ ಎಷ್ಟು ಗಟ್ಟಿ ಅಂತ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1946ರಲ್ಲೇ ತೋರಿಸಿದ್ದರು. ಒಬ್ಬ ವ್ಯಕ್ತಿಯ ಬಗ್ಗೆ ಆರು ಮಾತು. ಬುದ್ಧಿವಂತ, ಶ್ರಮಜೀವಿ, ದುಡುಕಿನವ, ತಪ್ಪು ಹುಡುಕುವವ, ಹಟಮಾರಿ, ಹೊಟ್ಟೆಕಿಚ್ಚಿನವ. ಈ ಸಾಲಿನಲ್ಲಿ ಕೇಳಿದವರಿಗೆ ಅವನು ಪರವಾಗಿಲ್ಲ ಅನಿಸಿದ. ಅದೇ ಆರನ್ನು ಹಿಂದುಮುಂದಾಗಿ ಕೇಳಿದವರಿಗೆ ಅವನು ಅಷ್ಟು ಒಳ್ಳೆಯವನು ಅನಿಸಲಿಲ್ಲ. ಮಾತು ಅವೇ, ಸಾಲು ಮಾತ್ರ ಬೇರೆ. ನಿಮ್ಮ ಕಿವಿಗೆ ಮೊದಲು ಬಿದ್ದದ್ದು ‘ಏಳಿ’. ಗುಂಟೆ ಲೆಕ್ಕ ಬರುವ ಹೊತ್ತಿಗೆ ಮನಸ್ಸು ಅರ್ಧ ತೀರ್ಪು ಬರೆದಾಗಿತ್ತು.

ಪತ್ರದಲ್ಲಿ ನೀವು ಬಾಯಿಬಿಟ್ಟು ಹೇಳಿಲ್ಲ. ಆದರೆ ನಿಮ್ಮನ್ನು ಹೆಚ್ಚು ಕುಟುಕುತ್ತಿರೋದು ಬೇರೆಯೇ ಇದೆ ಅಂತ ನನಗನಿಸುತ್ತೆ. ‘ನಾನೂ ಅಲ್ಲಿಂದಲೇ ಬಂದವಳು, ನಾನೇ ಹೀಗೆ ಮಾಡಿದೆನಲ್ಲ.’ ನಮ್ಮವರ ಬಗ್ಗೆ ನಮಗೆ ಪೂರ್ವಗ್ರಹ ಇರಲ್ಲ ಅನ್ನೋದು ಬಹಳ ಜನರ ನಂಬಿಕೆ. ಅದು ತಪ್ಪು. ಕೆನಡಾದ ಮಾಂಟ್ರಿಯಲ್‌ನಲ್ಲಿ ವ್ಯಾಲೆಸ್ ಲ್ಯಾಂಬರ್ಟ್ ಮತ್ತು ಜೊತೆಗಾರರು 1960ರಲ್ಲಿ ಒಂದು ಜಾಣ ಪ್ರಯೋಗ ಮಾಡಿದರು. ಎರಡೂ ಭಾಷೆ ಚೆನ್ನಾಗಿ ಬಲ್ಲವರಿಂದ ಒಂದೇ ವಿಷಯವನ್ನು ಇಂಗ್ಲಿಷಿನಲ್ಲೂ ಫ್ರೆಂಚಿನಲ್ಲೂ ಓದಿಸಿ ರೆಕಾರ್ಡ್ ಮಾಡಿದರು. ಕೇಳುವವರಿಗೆ ಇವು ಬೇರೆ ಬೇರೆ ಜನರ ದನಿ ಅನ್ನೋ ಭಾವನೆ. ಇಂಗ್ಲಿಷಿನಲ್ಲಿ ಓದಿದಾಗ ಅದೇ ಮನುಷ್ಯ ಹೆಚ್ಚು ಬುದ್ಧಿವಂತನಂತೆ ಕಂಡ. ಫ್ರೆಂಚ್ ಮಾತಾಡುವ ಕೇಳುಗರೂ ತಮ್ಮದೇ ಭಾಷೆಯ ದನಿಗೆ ಕಡಿಮೆ ಅಂಕ ಕೊಟ್ಟರು. ಆ ಊರಲ್ಲಿ ಆಗ ದುಡ್ಡು, ದರ್ಬಾರು ಎಲ್ಲ ಇಂಗ್ಲಿಷಿನವರ ಕೈಯಲ್ಲಿತ್ತು.

ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. ಟೀಚರ್ ಆದ ನಿಮಗೆ ಇದು ಹೆಚ್ಚು ತಾಗಬಹುದು. ರೀಮಾ ಹನ್ನಾ ಮತ್ತು ಲೀ ಲಿಂಡನ್ 2012ರಲ್ಲಿ ಪ್ರಕಟಿಸಿದ ಅಧ್ಯಯನ. ಮಕ್ಕಳ ಉತ್ತರ ಪತ್ರಿಕೆಗಳ ಮೇಲೆ ವಯಸ್ಸು, ಹುಡುಗನೋ ಹುಡುಗಿಯೋ, ಜಾತಿ ಯಾವುದು ಅನ್ನೋದನ್ನ ಚೀಟಿ ಎತ್ತಿದ ಹಾಗೆ ಹಾಕಿ ಶಿಕ್ಷಕರಿಗೆ ತಿದ್ದಲು ಕೊಟ್ಟರು. ಬರಹದ ಗುಣಕ್ಕೂ ಪತ್ರಿಕೆ ಮೇಲೆ ನಮೂದಾದ ಜಾತಿಗೂ ಸಂಬಂಧವೇ ಇರಲಿಲ್ಲ. ಆದರೂ ಕೆಳಜಾತಿ ಅಂತ ನಮೂದಾದ ಪತ್ರಿಕೆಗಳಿಗೆ ಸ್ವಲ್ಪ ಕಡಿಮೆ ಅಂಕ ಬಂತು. ಹಾಗೆ ಕಡಿಮೆ ಕೊಟ್ಟವರಲ್ಲಿ ಮುಖ್ಯವಾಗಿ ಇದ್ದದ್ದು ಕೆಳಜಾತಿಗಳಿಂದಲೇ ಬಂದ ಶಿಕ್ಷಕರು. ಇನ್ನೊಂದು ವಿಷಯ. ಈ ವ್ಯತ್ಯಾಸ ಕಟ್ಟಿನ ಮೊದಲ ಪತ್ರಿಕೆಗಳಲ್ಲಿ ಜಾಸ್ತಿ ಇತ್ತು. ತಿದ್ದುವ ಅಳತೆ ಇನ್ನೂ ಕೈಗೆ ಹತ್ತಿಲ್ಲದಾಗ ಮನಸ್ಸು ಸುಲಭದ ಗುರುತಿಗೆ ಜೋತುಬೀಳುತ್ತೆ. ನಿಮ್ಮ ಹುಡುಗಿ ಅವತ್ತು ಮೊದಲು ಬಂದವಳು ಅನ್ನೋದನ್ನ ನೆನಪಿಡಿ.

ಹಾಗಾದರೆ ಇದು ಎಲ್ಲಿಂದ ಬಂತು? ‘ಈಕೆ ಒಳ್ಳೆಯ ಟೀಚರ್ ಆಗ್ತಾಳಾ’ ಅನ್ನೋದು ಕಷ್ಟದ ಪ್ರಶ್ನೆ. ಅರ್ಧ ಗಂಟೆಯಲ್ಲಿ ಉತ್ತರ ಸಿಗಲ್ಲ. ಮನಸ್ಸು ಅದನ್ನು ಬಿಟ್ಟು ‘ಈಕೆ ನನ್ನ ತಲೆಯಲ್ಲಿರುವ ಟೀಚರ್ ತರ ಇದ್ದಾಳಾ’ ಅನ್ನೋ ಸುಲಭದ ಪ್ರಶ್ನೆಗೆ ಉತ್ತರ ಕೊಡುತ್ತೆ. ಪ್ರಶ್ನೆ ಬದಲಾಗಿದ್ದು ನಮಗೆ ಗೊತ್ತಾಗಲ್ಲ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಏಮೊಸ್ ಟ್ವರ್ಸ್‌ಕಿ 1970ರ ದಶಕದಿಂದ ತೋರಿಸುತ್ತಾ ಬಂದದ್ದು ಇಂಥ ಅಡ್ಡದಾರಿಗಳನ್ನೇ. ಅಡ್ಡದಾರಿ ಅಂದರೆ ಯಾವಾಗಲೂ ಕೆಟ್ಟದ್ದು ಅಂತಲ್ಲ. ದೇವರಾಜ ಮಾರ್ಕೆಟ್ಟಲ್ಲಿ ಒಳ್ಳೇ ನಂಜನಗೂಡು ರಸಬಾಳೆಯನ್ನು ಒಂದು ನೋಟಕ್ಕೆ ಆರಿಸುತ್ತೀರಲ್ಲ, ಅದೂ ಅದೇ ಶಕ್ತಿ. ಆದರೆ ಹಣ್ಣು ಕೆಟ್ಟಿದ್ದರೆ ಮನೆಗೆ ಹೋಗಿ ಸುಲಿದಾಗ ಗೊತ್ತಾಗುತ್ತೆ, ಮುಂದಿನ ಸಲ ಕಣ್ಣು ಕಲಿಯುತ್ತೆ. ಇಂಟರ್‌ವ್ಯೂನಲ್ಲಿ ಬೇಡ ಅಂದವರು ಮುಂದೆ ಎಂಥ ಟೀಚರ್ ಆದರು ಅಂತ ನಮಗೆ ಯಾರೂ ಬಂದು ಹೇಳಲ್ಲ. ಹಾಗಾಗಿ ಇಲ್ಲಿ ಕಣ್ಣು ಕಲಿಯೋದೇ ಇಲ್ಲ. ‘ನನಗೆ ಇಪ್ಪತ್ತು ವರ್ಷದ ಅನುಭವ, ನೋಡಿದ ತಕ್ಷಣ ಗೊತ್ತಾಗುತ್ತೆ’ ಅನ್ನುವವರ ಮಾತನ್ನು ನಾನು ನಂಬದಿರುವುದು ಇದಕ್ಕೇ.

‘ತಲೆಯಲ್ಲಿರುವ ಟೀಚರ್’ ಹೇಗೆ ಮಾತಾಡುತ್ತಾಳೆ ಅನ್ನೋದನ್ನ ನಮಗೆ ಕಲಿಸಿದ್ದು ಶಾಲೆ, ಸಿನಿಮಾ, ರೇಡಿಯೊ. ಸಿನಿಮಾದಲ್ಲಿ ಮಂಡ್ಯದ ಮಾತು ನಗಿಸುವವರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇವೆ, ಕಾಲೇಜಿನ ಮೇಷ್ಟ್ರ ಬಾಯಲ್ಲಿ ಎಷ್ಟು ಸಲ? ‘ಹ’ ಬಿಟ್ಟರೆ ಕ್ಲಾಸಿನಲ್ಲಿ ನಗು. ನೀವೂ ಮೈಸೂರಿಗೆ ಬಂದಾಗ ನಾಲಿಗೆ ತಿದ್ದಿಕೊಂಡಿರುತ್ತೀರಿ. ಆ ನಾಚಿಕೆ ಮರೆತುಹೋಗಿದೆ, ಕಿವಿ ಮಾತ್ರ ಮರೆತಿಲ್ಲ. ಇಲ್ಲಿ ಒಂದು ವಿಷಯ ಹೇಳಲೇಬೇಕು. ಹಳಗನ್ನಡದಲ್ಲಿ ‘ಹೇಳು’ ಇರಲಿಲ್ಲ, ‘ಪೇಳ್’ ಇತ್ತು. ಹಾಲು ‘ಪಾಲ್’, ಹಳ್ಳಿ ‘ಪಳ್ಳಿ’, ಹೋಗು ‘ಪೋಗು’. ಕಾಲ ಕಳೆದಂತೆ ಪ ಹೋಗಿ ಹ ಬಂತು. ಮಂಡ್ಯ, ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅದೇ ದಾರಿ ಇನ್ನೊಂದು ಹೆಜ್ಜೆ ಮುಂದಕ್ಕೆ ಹೋಗಿ ಹ ಕೂಡ ಬಿದ್ದುಹೋಯಿತು. ಪೇಳ್, ಹೇಳು, ಏಳು. ಪಂಪನ ಕಾಲದವರು ಬಂದು ಕೇಳಿದರೆ ನಿಮ್ಮ ‘ಹೇಳಿ’ಯೂ ಅವರ ಕಿವಿಗೆ ಕೆಟ್ಟ ಕನ್ನಡವೇ. ಆ ಹುಡುಗಿಯ ನಾಲಿಗೆಯಲ್ಲಿ ಯಾವ ಕೊರತೆಯೂ ಇಲ್ಲ. ಬೋರ್ಡ್ ಮೇಲೆ ಅವಳು ‘ಹ’ ಸರಿಯಾಗಿ ಬರೆದಳೋ ಇಲ್ಲವೋ ಅನ್ನೋದು ಬೇರೆ ಪ್ರಶ್ನೆ, ಅದನ್ನು ಕೇಳುವ ಹಕ್ಕು ನಿಮಗಿದೆ.

‘ಆತ್ಮವಿಶ್ವಾಸ ಕಡಿಮೆ’ ಅಂತ ಬರೆದಿರಲ್ಲ, ಆ ಆತ್ಮವಿಶ್ವಾಸವನ್ನು ಕಡಿಮೆ ಮಾಡಿದವರು ಯಾರು? ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ನಡೆಸಿದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಆರು, ಏಳನೇ ಕ್ಲಾಸಿನ ಹುಡುಗರಿಗೆ ಕಾಗದದ ಮೇಲಿನ ದಾರಿ ಹುಡುಕುವ ಆಟ ಕೊಟ್ಟರು. ಜಾತಿ ಯಾರಿಗೂ ಗೊತ್ತಿಲ್ಲದಾಗ ಎಲ್ಲ ಹುಡುಗರೂ ಹೆಚ್ಚುಕಡಿಮೆ ಒಂದೇ ಸಮ. ಎಲ್ಲರ ಎದುರು ಹೆಸರು, ಜಾತಿ ಕೂಗಿ ಹೇಳಿ ಕೂರಿಸಿದಾಗ ಕೆಳಜಾತಿಯ ಹುಡುಗರು ಹಿಂದೆ ಬಿದ್ದರು. ‘ಯಾವೂರಮ್ಮ ನಿಂದು?’ ಅಂತ ನಕ್ಕು ಕೇಳಿದ ಮೇಲೆ ದನಿ ಇಳಿಯಿತು ಅಂತ ನೀವೇ ಬರೆದಿದ್ದೀರಿ. ಅದಾದ ಮೇಲೂ ಅವಳು ಬೋರ್ಡ್ ಹತ್ತಿರ ಹೋಗಿ, ಎಕರೆಗೆ ನಲವತ್ತು ಗುಂಟೆ, ಮುಕ್ಕಾಲು ಅಂದರೆ ಮೂವತ್ತು, ಎಂಟನೇ ಒಂದು ಭಾಗ ಐದು, ಅಂಥ ಐದು ಅಂದರೆ ಇಪ್ಪತ್ತೈದು, ಅದಕ್ಕೇ ಮುಕ್ಕಾಲೇ ದೊಡ್ಡದು ಅಂತ ಮಕ್ಕಳ ಬಾಯಲ್ಲೇ ಹೇಳಿಸಿದಳು. ಛೇದ ಸಮ ಮಾಡೋದು ಅಂದರೆ ಏನು ಅನ್ನೋದನ್ನ ಆ ಪದ ಬಳಸದೆ ತೋರಿಸಿದಳು. ಇದಕ್ಕಿಂತ ದೊಡ್ಡ ಆತ್ಮವಿಶ್ವಾಸ ಯಾವುದು?

ವಾಸಿ ಆಗುತ್ತಾ ಅಂತ ಕೇಳಿದ್ದೀರಿ. ಮನಸ್ಸಿನೊಳಗಿನ ಒಲವನ್ನು ತೊಳೆದು ಹಾಕುವ ಔಷಧಿ ನನ್ನ ಹತ್ತಿರ ಇಲ್ಲ. ಕ್ಯಾಲ್ವಿನ್ ಲಾಯ್ ಮತ್ತು ಜೊತೆಗಾರರು 2016ರಲ್ಲಿ ಒಂಬತ್ತು ಬಗೆಯ ಉಪಾಯಗಳನ್ನು ಪರೀಕ್ಷಿಸಿದರು. ಒಂಬತ್ತೂ ಆ ಹೊತ್ತಿಗೆ ಫಲ ಕೊಟ್ಟವು. ಕೆಲವು ಗಂಟೆ, ಕೆಲವು ದಿನ ಕಳೆದ ಮೇಲೆ ಪರಿಣಾಮ ಉಳಿಯಲಿಲ್ಲ. ಹಾಗಾಗಿ ಒಂದು ದಿನದ ವರ್ಕ್‌ಶಾಪ್ ಮಾಡಿಸಿ ಅಂತ ನಾನು ಹೇಳಲ್ಲ. ಅದರಿಂದ ಒಂದು ಅಪಾಯವೂ ಇದೆ. ‘ನಮಗೆ ತರಬೇತಿ ಆಗಿದೆ, ಇನ್ನು ನಾವು ನಿಷ್ಪಕ್ಷಪಾತಿಗಳು’ ಅನ್ನೋ ಧೈರ್ಯ ಬಂದುಬಿಡುತ್ತೆ.

ನಾನೇ ಮಾಡಿದ ತಪ್ಪೊಂದನ್ನು ಹೇಳುತ್ತೇನೆ. ಹದಿನೈದು ವರ್ಷದ ಹಿಂದೆ ಒಬ್ಬ ತಂದೆ, ಹೆಗಲ ಮೇಲೆ ಟವೆಲ್, ಶಾಲೆಯಲ್ಲಿ ಮಾತು ನಿಲ್ಲಿಸಿದ್ದ ಮಗನನ್ನು ಕರೆದುಕೊಂಡು ಬಂದರು. ಇವರಿಗೆ ಜಾಸ್ತಿ ವಿವರ ಬೇಡ ಅಂತ ನಾನೇ ತೀರ್ಮಾನಿಸಿ, ನಾಲ್ಕೇ ಪ್ರಶ್ನೆ ಕೇಳಿ ಕಳಿಸಿದೆ. ಮುಂದಿನ ಸಲ ಬಂದಾಗ ಅವರು ಡೇರಿ ಹಾಲಿನ ಲೆಕ್ಕದ ಪುಸ್ತಕ ತೆಗೆದರು. ಹಿಂದಿನ ಹಾಳೆಗಳಲ್ಲಿ ಎರಡು ತಿಂಗಳ ಲೆಕ್ಕ. ಮಗ ಯಾವ ದಿನ ಮಾತಾಡಿದ, ಯಾರ ಜೊತೆ, ಎಷ್ಟು ಹೊತ್ತಿಗೆ. ಮೊದಲ ದಿನವೂ ಅದು ಅವರ ಚೀಲದಲ್ಲೇ ಇತ್ತಂತೆ. ನಾನು ಕೇಳಿರಲಿಲ್ಲ. ಆ ಮಗುವಿಗೆ ಮೂರು ವಾರ ನಷ್ಟವಾಯಿತು. ಅವತ್ತಿನಿಂದ ನಾನು ಒಂದು ಹಾಳೆ ಇಟ್ಟುಕೊಂಡಿದ್ದೇನೆ. ಡಾಕ್ಟರ ಮಗುವಾಗಲಿ, ಕೂಲಿಯವರ ಮಗುವಾಗಲಿ, ಅದೇ ಪ್ರಶ್ನೆಗಳು, ಅದೇ ಸಾಲಿನಲ್ಲಿ. ನನ್ನ ಮನಸ್ಸು ಬದಲಾಯಿತೋ ಇಲ್ಲವೋ ಗೊತ್ತಿಲ್ಲ. ಕೇಳುವ ಪ್ರಶ್ನೆ ಅಂತೂ ಬದಲಾಗಲ್ಲ.

ನಿಮ್ಮ ಸೋಮವಾರದ ವಿಷಯಕ್ಕೂ ಇದೇ ದಾರಿ. ಸುಮ್ನಿದ್ದುಬಿಡೋದು ಒಂದು. ಯಾರಿಗೂ ಗೊತ್ತಾಗಲ್ಲ. ಆದರೆ ನಿಮಗೆ ಗೊತ್ತಿದೆ, ಇನ್ನು ಮೇಲೆ ಇದನ್ನು ಸುಪ್ತ ಅನ್ನೋಕಾಗಲ್ಲ. ನೀವೊಬ್ಬರೇ ಕೂತು 6 ಅನ್ನು 8 ಮಾಡೋದು ಇನ್ನೊಂದು. ಇದು ಬೇಡ. ಪಶ್ಚಾತ್ತಾಪದಿಂದ ಕೊಟ್ಟ ಅಂಕವೂ ಅಂದಾಜಿನ ಅಂಕವೇ. ಅವಳು ನಿಮ್ಮ ಕಡೆಯವಳು ಅಂತ ಮಾತು ಹುಟ್ಟಿದರೆ ಅವಳಿಗೇ ಪೆಟ್ಟು. ನಾನು ಹೇಳೋದು, ಅವಳ ಪರ ವಾದ ಮಾಡಬೇಡಿ. ನಾಲ್ವರ ಪಾಠಕ್ಕೂ ಮತ್ತೆ ಅಂಕ ಹಾಕೋಣ ಅಂತ ಕೇಳಿ. ಎರಡು ದಿನ ತಡವಾದರೂ ಪರವಾಗಿಲ್ಲ, ಆದರೆ ನಾಲ್ವರನ್ನೂ ಮತ್ತೆ ಪಾಠಕ್ಕೆ ಕರೆಸಿ, ಎಲ್ಲರಿಗೂ ಒಂದೇ ವಿಷಯ ಕೊಡಿ. ಸಮಯ ಅವರನ್ನೇ ಕೇಳಿ ನಿಗದಿ ಮಾಡಿ. ದೂರದ ಊರಿನಿಂದ ಬಸ್ ಹತ್ತಿ ಬರುವವರಿಗೆ ಬೆಳಗಿನ ಮೊದಲ ಸರದಿ ಕೊಟ್ಟರೆ ಅದೂ ಅನ್ಯಾಯವೇ. ಒಬ್ಬೊಬ್ಬರ ಪಾಠ ಮುಗಿದ ತಕ್ಷಣ, ಪರಸ್ಪರ ಮಾತಾಡುವ ಮುಂಚೆ, ಮೂವರೂ ಬೇರೆ ಬೇರೆ ಅಂಕ ಬರೆಯಿರಿ. ಪ್ರತಿ ಅಂಕದ ಪಕ್ಕ ಕಣ್ಣಿಗೆ ಕಂಡದ್ದನ್ನು ಒಂದು ಸಾಲು ಬರೆಯಿರಿ. ‘ಆತ್ಮವಿಶ್ವಾಸ ಕಡಿಮೆ’ ಅಂತ ಬರೆದರೆ ನಡೆಯಲ್ಲ. ‘ಆರು ಮಕ್ಕಳು ಕೈ ಎತ್ತಿದರು’ ಅಂತ ಬರೆದರೆ ನಡೆಯುತ್ತೆ.

‘ವ್ಯಕ್ತಿತ್ವ’, ‘ಸಂವಹನ’ ಅನ್ನೋ ಕಾಲಂ ಬಗ್ಗೆ ಮಾತ್ರ ಎಚ್ಚರ. ಎಷ್ಟೇ ಕ್ರಮಬದ್ಧವಾಗಿ ಅಂಕ ಹಾಕಿದರೂ ಅಳತೆಯೇ ವಕ್ರ ಇದ್ದರೆ ಪ್ರಯೋಜನ ಇಲ್ಲ. ಆ ಕಾಲಂ ತೆಗೆದು ‘ಪಾಠ ಮಕ್ಕಳಿಗೆ ಅರ್ಥವಾಯಿತೇ’ ಅಂತ ಇಡಿ. ಪಾಠ ಮುಗಿದ ಮೇಲೆ ಮಕ್ಕಳಿಗೇ ಎರಡು ಲೆಕ್ಕ ಕೊಟ್ಟು ನೋಡಿ. ನಿಮ್ಮದು ಇಂಗ್ಲಿಷ್ ಮಾಧ್ಯಮವಾದರೆ ಅವಳ ಇಂಗ್ಲಿಷ್ ಮಕ್ಕಳಿಗೆ ಅರ್ಥವಾಗುತ್ತಾ ಅಂತ ನೋಡುವುದು ನ್ಯಾಯವೇ. ನಮಗೆ ಹಿತವಾಗಿ ಕೇಳುತ್ತಾ ಅನ್ನೋದು ಬೇರೆ. ಎರಡನ್ನೂ ಬೆರೆಸಬೇಡಿ.

ನಿಮ್ಮ ಜೊತೆ ಆಯ್ಕೆಗೆ ಕೂತ ಉಳಿದಿಬ್ಬರಿಗೆ ಹೇಗೆ ಹೇಳೋದು? ‘ನಾವು ತಾರತಮ್ಯ ಮಾಡಿದೆವು’ ಅಂದರೆ ಅವರು ಬಾಗಿಲು ಹಾಕಿಕೊಳ್ಳುತ್ತಾರೆ. ‘ನನ್ನ ಹಾಳೆಯಲ್ಲಿ ಇದು ಆಗಿದೆ ನೋಡಿ, ತಪ್ಪು ಬರೆದವರಿಗೆ 8, ತಪ್ಪಿಲ್ಲದವರಿಗೆ 6’ ಅಂತ ನಿಮ್ಮ ಹಾಳೆಯನ್ನೇ ಮುಂದಿಡಿ. ನಕ್ಕವರ ಹೆಸರು ಎತ್ತಬೇಡಿ. ಆದರೂ ಒಪ್ಪದಿರಬಹುದು, ‘ನಿಮಗ್ಯಾಕೆ ಇದೆಲ್ಲ’ ಅನ್ನಬಹುದು. ಆಗ ನಿಮ್ಮ ಅಂಕವನ್ನು ಹಿಂದಕ್ಕೆ ಪಡೆದು, ಕಾರಣವನ್ನು ಎರಡು ಸಾಲಲ್ಲಿ ಬರೆದು ಪಟ್ಟಿಯ ಜೊತೆ ಲಗತ್ತಿಸಿ. ಕೆಲಸದ ಜಾಗದಲ್ಲಿ ಸ್ವಲ್ಪ ಮುನಿಸು ಬರುತ್ತೆ. ಅದನ್ನು ಮುಚ್ಚಿಟ್ಟು ನಿಮಗೆ ಸಲಹೆ ಕೊಡಲಾರೆ.

ಒಂದು ವಿಷಯದಲ್ಲಿ ನನಗೆ ತಾಳ್ಮೆ ಕಡಿಮೆ. ಎಲ್ಲ ತಾರತಮ್ಯಕ್ಕೂ ‘ಸುಪ್ತ’ ಅನ್ನೋ ಹೆಸರು ಅಂಟಿಸುವುದು. ಬಾಡಿಗೆ ಮನೆ ಕೇಳಲು ಹೋದವರನ್ನು ‘ನೀವು ಯಾವ ಪೈಕಿ?’ ಅಂತ ಕೇಳಿ, ಉತ್ತರ ಕೇಳಿದ ಮೇಲೆ ‘ಮನೆ ಆಗಲೇ ಆಗೋಯ್ತು’ ಅನ್ನುವವರಿಗೆ ತಾವು ಏನು ಮಾಡುತ್ತಿದ್ದೇವೆ ಅಂತ ಚೆನ್ನಾಗಿ ಗೊತ್ತಿರುತ್ತೆ. ಅದಕ್ಕೆ ಮನಶ್ಶಾಸ್ತ್ರದ ನೆಪ ಬೇಡ. ನಿಮ್ಮದು ಹಾಗಲ್ಲ. ಆದರೂ ಫಲ ಅನುಭವಿಸುವವರಿಗೆ ಎರಡೂ ಒಂದೇ.

ದೀರ್ಘಕಾಲದಲ್ಲಿ ಕಿವಿ ಬದಲಾಗುತ್ತಾ ಅಂದರೆ, ಆಗುತ್ತೆ ಅನ್ನೋಕೆ ಒಳ್ಳೆಯ ಆಧಾರ ಇದೆ. ಪಶ್ಚಿಮ ಬಂಗಾಳದಲ್ಲಿ ಕೆಲವು ಗ್ರಾಮ ಪಂಚಾಯಿತಿಗಳ ಪ್ರಧಾನ ಸ್ಥಾನ ಮಹಿಳೆಯರಿಗೆ ಮೀಸಲಾಗಿತ್ತು, ಕೆಲವು ಕಡೆ ಇರಲಿಲ್ಲ. ಒಂದೇ ಭಾಷಣವನ್ನು ಗಂಡು ದನಿಯಲ್ಲೂ ಹೆಣ್ಣು ದನಿಯಲ್ಲೂ ಕೇಳಿಸಿದಾಗ, ಮಹಿಳಾ ಪ್ರಧಾನರನ್ನು ಎಂದೂ ಕಾಣದ ಹಳ್ಳಿಗಳ ಗಂಡಸರು ಹೆಣ್ಣು ದನಿಗೆ ಕಡಿಮೆ ಬೆಲೆ ಕೊಟ್ಟರು. ಕಂಡಿದ್ದ ಹಳ್ಳಿಗಳಲ್ಲಿ ಆ ಅಂತರ ಉಳಿದಿರಲಿಲ್ಲ. ಇದು 2009ರಲ್ಲಿ ಪ್ರಕಟವಾದ ಅಧ್ಯಯನ, ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಅದರಲ್ಲಿದ್ದರು. ನಿಮ್ಮ ಶಾಲೆಯ ಮಕ್ಕಳು ‘ಏಳಿ’ ಅನ್ನುವ ಒಬ್ಬ ಒಳ್ಳೆಯ ಗಣಿತ ಟೀಚರ್ ಹತ್ತಿರ ಮೂರು ವರ್ಷ ಕಲಿತರೆ, ಅವರು ನಾಳೆ ಇಂಥ ಮೇಜಿನ ಹಿಂದೆ ಕೂತಾಗ ಅವರ ತಲೆಯಲ್ಲಿರುವ ಟೀಚರೇ ಬೇರೆ ಇರುತ್ತಾಳೆ.

ಕೊನೆಗೆ ನಿಮ್ಮ ಮಗಳ ವಿಷಯ. ಅವಳನ್ನು ಬೈಯಬೇಡಿ. ಅಜ್ಜಿಯ ಮಾತಿನ ಬಗ್ಗೆ ಅವಳಿಗೆ ಯಾರೂ ಏನೂ ಹೇಳಿಕೊಟ್ಟಿಲ್ಲ. ಅಮ್ಮ ಯಾವ ಫೋನಿಗೆ ಹಾಲ್‌ನಲ್ಲಿ ಕೂತು ಮಾತಾಡುತ್ತಾಳೆ, ಯಾವ ಫೋನಿಗೆ ಒಳಗೆ ಹೋಗಿ ಬಾಗಿಲು ಹಾಕುತ್ತಾಳೆ ಅನ್ನೋದನ್ನ ಅವಳು ನೋಡಿದ್ದಾಳೆ, ಅಷ್ಟೇ. ಇವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿದಾಗ ಮಗಳ ಪಕ್ಕದಲ್ಲೇ ಕೂತ್ಕೊಳ್ಳಿ. ಅಮ್ಮನ ಮಾತಲ್ಲೇ ಮಾತಾಡಿ. ಪೇಳ್, ಹೇಳು, ಏಳು ಕಥೆಯನ್ನು ಆಮೇಲೆ ಅವಳಾಗೇ ಕೇಳಿದರೆ ಹೇಳಿ.